ಹೋಟೆಲಿನ ಹಿಂಬಾಗಿಲು

ಪ್ರತಿಯೊಂದು ಹೋಟೆಲಿಗೂ ಎರಡು ಬಾಗಿಲುಗಳಿರುತ್ತವೆ. ಮುಂದಿನ ಬಾಗಿಲನ್ನು ನಾವೆಲ್ಲರೂ ಬಲ್ಲೆವು. ಗಲ್ಲೆಯ ಹಿಂದೆ ದೇವರ ಪಟ, ಪಟಕ್ಕೆ ಹೂವಿನ ಮಾಲೆ, ಊದುಬತ್ತಿಯ ಪರಿಮಳ, ಒಳಗೆ ಕಾಲಿರಿಸುತ್ತಲೇ ಮೂಗಿಗೆ ತಾಗುವ ಸಾಂಬಾರಿನ ಒಗ್ಗರಣೆ — ಇವು ಮುಂಬಯಿ ಕನ್ನಡಿಗರ ಮಕ್ಕಳಿಗೆ ವರ್ಣಿಸಿ ಹೇಳಬೇಕಾದ ಸಂಗತಿಗಳಲ್ಲ. ಹಿಂದಿನ ಬಾಗಿಲನ್ನು ಕಂಡವರು ಕಡಮೆ. ರಾತ್ರಿ ಹನ್ನೊಂದರ ಮೇಲೆ, ಕುರ್ಚಿಗಳನ್ನು ಮೇಜುಗಳ ಮೇಲೆ ಬೋರಲು ಹಾಕಿ ನೆಲವನ್ನು ತೊಳೆದಾದ ಬಳಿಕ, ಓಣಿಯ ಕಡೆಗಿರುವ ಆ ಸಣ್ಣ ಬಾಗಿಲು ತೆರೆಯುತ್ತದೆ. ಒಂದು ದೊಡ್ಡ ಡ್ರಮ್ಮು ಹೊರಗೆ ಬರುತ್ತದೆ. ಎಂಜಲು ಅನ್ನ, ತರಕಾರಿಯ ಸಿಪ್ಪೆ, ಚಹದ ಚರಟ, ಹಾಲಿನ ಖಾಲಿ ಚೀಲಗಳು, ಪಾರ್ಸೆಲಿನ ಡಬ್ಬಿಗಳು, ಒಡೆದ ಗಾಜಿನ ಲೋಟ — ಎಲ್ಲವೂ ಅದರೊಳಗೆ ಒಂದಾಗಿ ಕಲಸಿಹೋಗಿರುತ್ತವೆ. ಈ ಲೇಖನವು ಆ ಡ್ರಮ್ಮನ್ನು ಕುರಿತದ್ದು.

ನಮ್ಮ ನಗರವು ಈಚೆಗೆ ಹಸಿರಿನ ಭಾಷೆಯನ್ನು ಕಲಿಯತೊಡಗಿದೆ. ಇದು ಸಂತೋಷದ ವಿಷಯವೇ ಸರಿ. ೨೦೨೨ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಮುಂಬಯಿ ಮಹಾನಗರಪಾಲಿಕೆಯು ಹವಾಮಾನ ಕಾರ್ಯಯೋಜನೆಯೊಂದನ್ನು ಪ್ರಕಟಿಸಿ, ಭೂಮಿಯ ತಾಪವನ್ನು ಹೆಚ್ಚಿಸುವ ಅನಿಲಗಳಲ್ಲಿ ಈ ನಗರದ ನಿವ್ವಳ ಪಾಲನ್ನು ೨೦೫೦ರ ಹೊತ್ತಿಗೆ ಸೊನ್ನೆಗಿಳಿಸುವುದಾಗಿ ಸಾರಿತು. ನಮ್ಮ ರಾಷ್ಟ್ರವು ಇದೇ ಗುರಿಗೆ ಗೊತ್ತುಪಡಿಸಿಕೊಂಡಿರುವ ವರ್ಷ ೨೦೭೦. ರಾಷ್ಟ್ರಕ್ಕಿಂತ ೨೦ ವರ್ಷ ಮುಂಚಿತವಾಗಿ ಗುರಿ ಮುಟ್ಟುವೆವೆಂಬುದು ಸಣ್ಣ ಪ್ರತಿಜ್ಞೆಯಲ್ಲ. ೨೦೨೪ರಲ್ಲಿ ಪಾಲಿಕೆಯು ಇದಕ್ಕಾಗಿ ಮೀಸಲಾದ ಹಣವೆಷ್ಟೆಂಬುದನ್ನು ತನ್ನ ಆಯವ್ಯಯದಲ್ಲಿ ಪ್ರತ್ಯೇಕವಾಗಿ ಎಣಿಸಿ ತೋರಿಸುವ ಪದ್ಧತಿಯನ್ನೂ ಆರಂಭಿಸಿತು. ೨೦೨೩ರಿಂದ ವಿದ್ಯುತ್ತಿನ ಎರಡಂತಸ್ತಿನ ಬಸ್ಸುಗಳು ಬೀದಿಗಿಳಿದಿವೆ. (ವಿದ್ಯುತ್ತಿನಿಂದ ಓಡುವ ಸಾರ್ವಜನಿಕ ವಾಹನವು ಏನೋ ಹೊಸ ಆವಿಷ್ಕಾರವೆಂಬಂತೆ ಮಾತನಾಡುವವರು ನಮ್ಮ ಅಜ್ಜಂದಿರನ್ನು ಒಂದು ಮಾತು ಕೇಳಬಹುದಿತ್ತು, ೧೯೦೭ರಲ್ಲಿ ಇಲ್ಲಿ ಆರಂಭವಾದ ವಿದ್ಯುತ್ ಟ್ರಾಮನ್ನು ಈ ನಗರವು ತಾನಾಗಿಯೇ ೧೯೬೪ರ ಮಾರ್ಚ್ ೩೧ರಂದು ಬೀಳ್ಕೊಟ್ಟಿತು.) ದೊಡ್ಡ ದೊಡ್ಡ ಕಂಪೆನಿಗಳೂ ಹಿಂದುಳಿದಿಲ್ಲ. ಅವುಗಳ ಗಾಜಿನ ಗೋಪುರಗಳ ಬಾಗಿಲಲ್ಲಿ ಹಸಿರು ಕಟ್ಟಡವೆಂಬ ಫಲಕ ಹೊಳೆಯುತ್ತದೆ. ವಾರ್ಷಿಕ ವರದಿಗಳ ಹೊದಿಕೆಯ ಮೇಲೆ ಎಲೆಯೊಂದರ ಚಿತ್ರವಿರುತ್ತದೆ.

ಇವೆಲ್ಲವೂ ಮುಂಬಾಗಿಲಿನ ವಿಚಾರ. ಒಂದು ಉದ್ಯಮವು ಹಸಿರೋ ಅಲ್ಲವೋ ಎಂಬುದನ್ನು ಅದರ ಹಿಂಬಾಗಿಲಿಗೆ ಹೋಗಿ ನೋಡತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ತನ್ನ ಕಸವನ್ನು ಯಾರ ಮೈಮೇಲೆ ಹಾಕಿ ಅದು ಲಾಭ ಮಾಡುತ್ತಿದೆ? ತಾನು ತೆರಬೇಕಾದ ಯಾವ ಖರ್ಚನ್ನು ಕಂಡರಿಯದ ಇನ್ನೊಬ್ಬರ ಲೆಕ್ಕಕ್ಕೆ ಬರೆದಿದೆ? ಈ ಪ್ರಶ್ನೆಯನ್ನು ಪರರಿಗೆ ಕೇಳುವ ಮುನ್ನ ನಮ್ಮವರಿಗೇ ಕೇಳುವುದು ನ್ಯಾಯ. ಈ ನಗರದಲ್ಲಿ ಕನ್ನಡಿಗರ ಕೈಯಲ್ಲಿ ಬೆಳೆದು, ಕನ್ನಡಿಗರಿಗೆ ಹೆಸರು ತಂದುಕೊಟ್ಟ ಉದ್ಯಮವೆಂದರೆ ಹೋಟೆಲು. ಮೋರಿಯಲ್ಲಿ ತಟ್ಟೆ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತ ಗಲ್ಲೆಯವರೆಗೆ ಏರಿದವರ ಮಕ್ಕಳು ಮೊಮ್ಮಕ್ಕಳು ನಮ್ಮ ವಾಚಕರಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ಗಾಜಿನ ಗೋಪುರವನ್ನು ಬಿಟ್ಟು ಹೋಟೆಲಿನ ಡ್ರಮ್ಮನ್ನು ಹಿಡಿದುಕೊಂಡೆವು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಪಾಲಿಕೆಯ ಯೋಜನೆಯ ಪ್ರಕಾರವೇ, ೨೦೧೯ರಲ್ಲಿ ಈ ನಗರವು ಹೊರಬಿಟ್ಟ ತಾಪಕಾರಕ ಅನಿಲಗಳಲ್ಲಿ ನೂರಕ್ಕೆ ೭೨ ಪಾಲು ವಿದ್ಯುತ್ತು, ಇಂಧನಗಳಿಂದ, ೨೦ ಪಾಲು ವಾಹನಗಳಿಂದ. ಕಸದ ಪಾಲು ೮ ಮಾತ್ರ. ಎಂಟೇ ಪಾಲಿಗೆ ಇಷ್ಟು ದೊಡ್ಡ ಲೇಖನವೇಕೆ? ಲೆಕ್ಕ ಸರಿಯೇ. ವಿದ್ಯುತ್ತನ್ನು ಕಲ್ಲಿದ್ದಲಿನಿಂದ ತೆಗೆಯಬೇಕೋ ಬಿಸಿಲಿನಿಂದ ತೆಗೆಯಬೇಕೋ ಎಂಬುದು ಅತಿ ಮುಖ್ಯವಾದ ಪ್ರಶ್ನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ನಮ್ಮನ್ನು ಕೇಳಿ ನಿರ್ಧಾರವಾಗುವಂತಹದಲ್ಲ, ಡ್ರಮ್ಮು ನಮ್ಮದು. ಇನ್ನೂ ಒಂದು ಮಾತಿದೆ. ಹೊಗೆಯು ಎಲ್ಲರ ಮೇಲೂ ತೆಳ್ಳಗೆ ಹರಡಿಕೊಳ್ಳುತ್ತದೆ, ಕಸವಾದರೋ ಕೆಲವರ ಮನೆಯ ಮುಂದೆಯೇ ಬಂದು ಬೀಳುತ್ತದೆ.

ಎಲ್ಲಿ ಬೀಳುತ್ತದೆ ಎಂಬುದನ್ನು ನೋಡೋಣ. ಮುಂಬಯಿಯಲ್ಲಿ ದಿನವೊಂದಕ್ಕೆ ೬,೦೦೦ ಟನ್ನಿಗೂ ಮಿಕ್ಕಿ ಕಸವಾಗುತ್ತದೆ. ಅದರಲ್ಲಿ ಬಹುಭಾಗವು ಅಡಿಗೆಮನೆಯಿಂದ ಬರುವ ಹಸಿ ಕಸ. ದೇವನಾರಿನ ಕಸದ ಬಯಲಿಗೆ ೧೯೨೭ರಿಂದ ಈ ನಗರದ ಕಸ ಹೋಗುತ್ತ ಬಂದಿದೆ. ಬಯಲೆಂಬುದು ಹಳೆಯ ಹೆಸರು. ಈಗ ಅದು ಬೆಟ್ಟ. ಈಚಿನ ವರ್ಷಗಳಲ್ಲಿ ಹೆಚ್ಚಿನ ಪಾಲು ಕಾಂಜೂರ್‌ಮಾರ್ಗಕ್ಕೆ ಹೋಗುತ್ತಿದ್ದರೂ, ಹಳೆಯ ಬೆಟ್ಟವು ತನ್ನೊಳಗಿನ ಕೆಲಸವನ್ನು ನಿಲ್ಲಿಸಿಲ್ಲ. ಆ ಕೆಲಸವೇನೆಂದರೆ — ಗಾಳಿ ತಾಗದಂತೆ ಆಳದಲ್ಲಿ ಹೂತುಹೋದ ಅನ್ನ ತರಕಾರಿಗಳು ಕೊಳೆತಾಗ ಮಿಥೇನ್ ಎಂಬ ಅನಿಲ ಹುಟ್ಟುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷಗಳ ಅವಧಿಯಲ್ಲಿ ೨೫ ಪಟ್ಟಿಗೂ ಮಿಕ್ಕಿ ಶಾಖವನ್ನು ಹಿಡಿದಿಡಬಲ್ಲದು. ಅಷ್ಟೇ ಅಲ್ಲ, ಅದು ಉರಿಯುತ್ತದೆ. ೨೦೧೬ರ ಜನವರಿಯ ಕೊನೆಯಲ್ಲಿ ದೇವನಾರಿನ ಬೆಟ್ಟಕ್ಕೆ ಬೆಂಕಿ ಹತ್ತಿಕೊಂಡಾಗ ಹೊಗೆಯು ನಗರದ ಮೇಲೆ ದಿನಗಟ್ಟಲೆ ಕವಿದಿತ್ತು. ಅಂತರಿಕ್ಷದಿಂದ ತೆಗೆದ ಚಿತ್ರಗಳಲ್ಲಿಯೂ ಅದು ಕಾಣಿಸಿತು. ಆ ಸುತ್ತಿನ ಶಾಲೆಗಳನ್ನು ಮುಚ್ಚಬೇಕಾಯಿತು. ಗೋವಂಡಿಯ ಆ ಮಕ್ಕಳು ನಮ್ಮ ಓರಗೆಯವರೇ. ಅವರು ನಮ್ಮ ಹೋಟೆಲಿನಲ್ಲಿ ದೋಸೆ ತಿಂದವರಲ್ಲ, ನಮ್ಮ ಡ್ರಮ್ಮನ್ನು ಕಂಡವರೂ ಅಲ್ಲ. ಆದರೆ ಬೆಲೆ ತೆತ್ತವರು ಅವರು.

ಡ್ರಮ್ಮಿನಿಂದ ಜಾರಿಹೋದುದು ಇನ್ನೊಂದು ದಾರಿ ಹಿಡಿಯುತ್ತದೆ. ಓಣಿಯಿಂದ ಗಟಾರಕ್ಕೆ, ಗಟಾರದಿಂದ ನಾಲೆಗೆ, ನಾಲೆಯಿಂದ ಮೀಠಿ ನದಿಗೆ. ವಿಹಾರ, ಪವಾಯಿ ಕೆರೆಗಳ ತುಂಬಿದ ನೀರನ್ನು ಹೊತ್ತು ಹೊರಟು, ಕುರ್ಲಾ, ಕಲೀನಾ, ಧಾರಾವಿಗಳ ಮಗ್ಗುಲಲ್ಲಿ ಸುಮಾರು ೧೮ ಕಿಲೋಮೀಟರು ಹರಿದು ಮಾಹಿಮಿನಲ್ಲಿ ಸಮುದ್ರವನ್ನು ಸೇರುವ ಈ ನದಿಯನ್ನು ಗಟಾರವೆಂದೇ ತಿಳಿದವರು ನಮ್ಮಲ್ಲಿ ಬಹಳ. ೨೦೦೫ರ ಜುಲೈ ೨೬ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ ೯೪೪ ಮಿಲಿಮೀಟರು ಮಳೆ ಸುರಿದಾಗ, ಅದು ನದಿಯೆಂಬುದು ಎಲ್ಲರಿಗೂ ಒಮ್ಮೆಲೇ ನೆನಪಾಯಿತು. ಅಂತಹ ಮಳೆಯನ್ನು ಯಾವ ಕಾಲುವೆಯೂ ತಾಳಿಕೊಳ್ಳುತ್ತಿರಲಿಲ್ಲವೆಂಬುದು ನಿಜ. ಆದರೆ ಕಸದಿಂದಲೂ ಪ್ಲಾಸ್ಟಿಕ್ ಚೀಲಗಳಿಂದಲೂ ಕಟ್ಟಿಕೊಂಡಿದ್ದ ಕಾಲುವೆಗಳು ನೀರಿಗೆ ದಾರಿ ಕೊಡಲಿಲ್ಲವೆಂಬುದೂ ಅಷ್ಟೇ ನಿಜ. ಆ ರಾತ್ರಿಯನ್ನು ಶಾಲೆಯ ಬೆಂಚುಗಳ ಮೇಲೆಯೇ ಕಳೆದ ವಿದ್ಯಾರ್ಥಿಗಳು ಈಗ ವಿದ್ಯಾರ್ಥಿಗಳ ತಂದೆತಾಯಂದಿರಾಗಿದ್ದಾರೆ; ಅವರನ್ನು ಕೇಳಿ ತಿಳಿಯಬಹುದು.

ಸಮುದ್ರಕ್ಕೆ ಸೇರಿದ ಪ್ಲಾಸ್ಟಿಕ್ಕು ಅಲ್ಲಿಯೇ ಉಳಿಯುವುದೂ ಇಲ್ಲ. ಮಳೆಗಾಲದ ದೊಡ್ಡ ಭರತದ ದಿನ ಗಿರ್‌ಗಾಂವ್ ಚೌಪಾಟಿಗೋ ಜುಹೂವಿಗೋ ಹೋಗಿ ನಿಂತರೆ, ಕಡಲು ನಮ್ಮದನ್ನು ನಮಗೇ ಹಿಂದಿರುಗಿಸುವುದನ್ನು ಕಣ್ಣಾರೆ ಕಾಣಬಹುದು. ಕೋಳಿವಾಡಗಳ ಕೋಳಿ ಬಂಧುಗಳ ಬಲೆಗೆ ಮೀನಿನೊಡನೆ ಚೀಲಗಳೂ ಬೀಳುತ್ತವೆ. ಮೀನುಗಾರಿಕೆಯ ಕಷ್ಟವೇನೆಂಬುದನ್ನು ತುಳುನಾಡಿನ ಕಡಲಕರೆಯಿಂದ ಬಂದ ನಮ್ಮ ಮೊಗವೀರ ಕುಟುಂಬಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಸೋವಾ ಕಿನಾರೆಯನ್ನು ೨೦೧೫ರಿಂದ ವಾರ ವಾರವೂ ಗುಡಿಸಿ ಶುಚಿಗೊಳಿಸಿದ ತರುಣ ವಕೀಲ ಅಫ್ರೋಜ್ ಶಾಹ್ ಮತ್ತು ಅವರ ಸಂಗಡಿಗರ ಶ್ರಮವು ಜಗತ್ತಿನ ಮನ್ನಣೆ ಪಡೆಯಿತು. ೨೦೧೮ರಲ್ಲಿ ಅಲ್ಲಿ ಕಡಲಾಮೆಯ ಮರಿಗಳು ಮೊಟ್ಟೆಯೊಡೆದು ನೀರಿನತ್ತ ಹೊರಟವು. ನಮಗೆ ಅವರಲ್ಲಿ ಅಪಾರ ಗೌರವವಿದೆ. ಆದರೂ ಒಂದು ಮಾತು: ದಡವನ್ನು ಗುಡಿಸುವವನು ಡ್ರಮ್ಮಿನ ಕೊನೆಯ ತುದಿಯಲ್ಲಿ ನಿಂತಿದ್ದಾನೆ. ಮೊದಲ ತುದಿಯು ಅಡಿಗೆಮನೆಯಲ್ಲಿದೆ.

ನಮ್ಮ ಹೋಟೆಲುಗಳು ಮೊದಲಿನಿಂದಲೂ ಹೀಗಿರಲಿಲ್ಲ. ೧೯೪೨ರಲ್ಲಿ ಎ. ರಾಮ ನಾಯಕರು ಮಾಟುಂಗಾ ಸ್ಟೇಶನ್ನಿನ ಬಳಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟಕ್ಕೆ ಇಂದಿಗೂ ಜನರು ಸರದಿ ನಿಲ್ಲುತ್ತಾರೆ. ಎಲೆಯು ಮಣ್ಣಿಗೋ ದನದ ಬಾಯಿಗೋ ಸೇರಬಹುದಾದ ವಸ್ತು. ಸ್ಟೀಲಿನ ತಟ್ಟೆ, ಲೋಟ, ಬಟ್ಟಲುಗಳು ಸಾವಿರ ಸಲ ತೊಳೆಸಿಕೊಂಡು ಸಾವಿರದೊಂದನೆಯ ಗಿರಾಕಿಗೆ ಸಿದ್ಧವಾಗಿರುತ್ತವೆ. ಹಳಬರು ಇದನ್ನು ಹಸಿರು ಉದ್ಯಮವೆಂದು ಕರೆಯಲಿಲ್ಲ. ಅವರ ಪಾಲಿಗೆ ಇದು ಜಾಣ ಸಂಸಾರವಷ್ಟೆ. ಕೊತ್ತಂಬರಿಯ ದಂಟೂ ವ್ಯರ್ಥವಾಗಕೂಡದೆಂಬ ಜಿಪುಣತನದಲ್ಲಿ ಎಷ್ಟು ವಿವೇಕವಿತ್ತೆಂಬುದು ಈಗ ತಿಳಿಯುತ್ತಿದೆ.

ಕೆಟ್ಟದ್ದು ಪಾರ್ಸೆಲಿನಿಂದ. ಇಂದು ಫೋನಿನಲ್ಲಿ ಹೇಳಿಕಳುಹಿಸಿದ ಒಂದು ಮಸಾಲೆ ದೋಸೆಯು ಮನೆಯ ಬಾಗಿಲಿಗೆ ಬರುವಾಗ, ಅದರೊಡನೆ ಒಂದು ಪೆಟ್ಟಿಗೆ, ಸಾಂಬಾರಿಗೆ ಒಂದು ಡಬ್ಬಿ, ಚಟ್ನಿಗೆ ಎರಡು ಡಬ್ಬಿ, ಚಮಚ, ಕಾಗದದ ಕೈವಸ್ತ್ರ ಮತ್ತು ಇವೆಲ್ಲವನ್ನೂ ಹೊತ್ತ ಚೀಲ ಬರುತ್ತವೆ. ದೋಸೆಯ ಆಯುಷ್ಯ ಹತ್ತು ನಿಮಿಷ. ಡಬ್ಬಿಯ ಆಯುಷ್ಯ ನಮ್ಮೆಲ್ಲರ ಆಯುಷ್ಯಕ್ಕಿಂತ ಹೆಚ್ಚು. ೨೦೧೮ರ ಜೂನ್ ೨೩ರಿಂದ ಮಹಾರಾಷ್ಟ್ರ ಸರಕಾರವು ಹಲವು ಬಗೆಯ ಪ್ಲಾಸ್ಟಿಕ್ ಚೀಲ, ತಟ್ಟೆ, ಚಮಚಗಳನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಕೇಂದ್ರ ಸರಕಾರದ ನಿಷೇಧವೂ ಸೇರಿಕೊಂಡಿತು. ನಿಷೇಧವು ಬಂದಾಗಲೆಲ್ಲ ನಾವು ಕಂಡದ್ದೇನು? ಒಂದು ತಿಂಗಳು ಬಟ್ಟೆಯ ಚೀಲ, ಎರಡನೆಯ ತಿಂಗಳು ಅಲ್ಪಸ್ವಲ್ಪ ಸಂಕೋಚ, ಮೂರನೆಯ ತಿಂಗಳು ಹಳೆಯ ಕಥೆ. ಪಾರ್ಸೆಲು ಕಳುಹಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಇದೇ ನಗರದಲ್ಲಿ ೧೮೯೦ರಿಂದ ಡಬ್ಬಾವಾಲರು ಊಟವನ್ನು ಮನೆಯಿಂದ ಕಚೇರಿಗೆ ಸಾಗಿಸುತ್ತಿದ್ದಾರೆ; ಅವರ ಕೆಲಸದಿಂದ ಒಂದು ಹಿಡಿ ಕಸವೂ ಆಗುವುದಿಲ್ಲ. ಅವರ ಲೆಕ್ಕದ ಕೌಶಲವನ್ನು ಕೊಂಡಾಡುವವರು ಬಹಳ ಮಂದಿ. ಅದಕ್ಕಿಂತ ಸರಳವಾದ ಗುಟ್ಟನ್ನು ಗಮನಿಸಿದವರು ಕಡಮೆ. ಅವರು ಖಾಲಿ ಡಬ್ಬವನ್ನು ಸಂಜೆಗೆ ಮುಂಚೆ ಹಿಂದಕ್ಕೆ ತಂದುಕೊಡುತ್ತಾರೆ. ಕೊಟ್ಟ ಪಾತ್ರೆಯನ್ನು ಮರಳಿ ಪಡೆಯುವ ಏರ್ಪಾಡನ್ನು ಪಾರ್ಸೆಲು ವ್ಯಾಪಾರದಲ್ಲಿ ಯಾವ ತರುಣನು ಮಾಡಿ ತೋರಿಸುವನೋ, ಅವನನ್ನು ಹಸಿರು ಉದ್ಯಮಿಯೆಂದು ನಾವು ಸಂತೋಷದಿಂದ ಕರೆಯುವೆವು.

ಈಗ ಮುಖ್ಯವಾದ ಅಂಶಕ್ಕೆ ಬರೋಣ. ಡ್ರಮ್ಮಿನ ದೋಷವು ಅದರೊಳಗಿನ ವಸ್ತುಗಳಲ್ಲಿ ಅಷ್ಟಾಗಿ ಇಲ್ಲ, ಅವು ಬೆರೆತುಹೋಗಿರುವುದರಲ್ಲಿದೆ. ಬೇರೆ ಬೇರೆಯಾಗಿದ್ದಾಗ ಅವುಗಳಲ್ಲಿ ಹೆಚ್ಚಿನವು ಸರಕು. ಬೆರೆತಾಗ ಎಲ್ಲವೂ ಕಸ. ಧಾರಾವಿಯ ೧೩ನೆಯ ಕಂಪೌಂಡಿಗೆ ಹೋಗಿ ನೋಡಿದವರು ಇದನ್ನು ಒಪ್ಪದಿರಲಾರರು. ಅಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣ, ಜಾತಿ, ಗಡಸುಗಳ ಪ್ರಕಾರ ಕೈಯಿಂದಲೇ ವಿಂಗಡಿಸಿ, ಪುಡಿಮಾಡಿ, ತೊಳೆದು, ಮಾಡಿನ ಮೇಲೆ ಒಣಗಿಸಿ, ಕರಗಿಸಿ, ಕಾಳುಗಳನ್ನಾಗಿ ಮಾಡಿ ಕಾರ್ಖಾನೆಗಳಿಗೆ ಮಾರುತ್ತಾರೆ. ಹೋಟೆಲುಗಳ ಖಾಲಿ ಎಣ್ಣೆ ಡಬ್ಬಗಳು ಅಲ್ಲಿ ಬಿಸಿನೀರಿನಲ್ಲಿ ಮಿಂದು, ತಗ್ಗುಗಳನ್ನು ತಟ್ಟಿಸಿಕೊಂಡು ಮತ್ತೆ ಪೇಟೆಗೆ ಬರುತ್ತವೆ. ಹಸಿರು ಉದ್ಯಮವೆಂಬ ಹೆಸರು ಹುಟ್ಟುವ ಮೊದಲೇ ಅದನ್ನು ನಡೆಸುತ್ತಿದ್ದ ಈ ಜನರಿಗೆ ಯಾರೂ ಫಲಕ ಕೊಡಲಿಲ್ಲ. ಅವರ ಕೆಲಸವು ಆರೋಗ್ಯಕರವೆಂದು ನಾವು ಹೇಳುವಂತಿಲ್ಲ. ಕರಗುವ ಪ್ಲಾಸ್ಟಿಕ್ಕಿನ ಹೊಗೆಯನ್ನು ಇಕ್ಕಟ್ಟಾದ ಕೋಣೆಗಳಲ್ಲಿ ಅವರು ಉಸಿರಾಡುತ್ತಾರೆ. ಹೀಗಿರುವಲ್ಲಿ ನಾವು ಮಾಡುವುದೇನು? ಅವರಿಗೆ ಹೋಗಬೇಕಾದ ಡಬ್ಬಿಯ ಮೇಲೆ ಉಳಿದ ಸಾಂಬಾರನ್ನು ಸುರಿದು, ಅದು ಯಾರಿಗೂ ಬಾರದಂತೆ ಮಾಡಿ, ಆ ಮೇಲೆ ದೇವನಾರಿಗೆ ಕಳುಹಿಸುತ್ತೇವೆ.

ಹಸಿ ಕಸಕ್ಕಾದರೂ ಬೆಲೆಯಿಲ್ಲವೆ? ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಡಾ. ಶರದ್ ಕಾಳೆಯವರು ಅಡಿಗೆಮನೆಯ ಕಸದಿಂದ ಅನಿಲ ತೆಗೆಯುವ ಸ್ಥಾವರವೊಂದನ್ನು ರೂಪಿಸಿದರು. ಕಸವನ್ನು ನೀರಿನೊಡನೆ ಅರೆದು, ಮೊದಲನೆಯ ತೊಟ್ಟಿಯಲ್ಲಿ ಬಿಸಿನೀರು ಮತ್ತು ಗಾಳಿಯ ಸಹಾಯದಿಂದ ಬೇಗನೆ ಕರಗಿಸಿ, ಎರಡನೆಯ, ಗಾಳಿಯಾಡದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳಿಗೆ ಒಪ್ಪಿಸಿದರೆ ಮಿಥೇನ್ ಅನಿಲ ದೊರೆಯುತ್ತದೆ, ಉಳಿದುದು ಗೊಬ್ಬರ. ದೇವನಾರಿನಲ್ಲಿ ಹೊತ್ತಿ ಉರಿಯುವ ಅದೇ ಮಿಥೇನ್ ಇಲ್ಲಿ ಒಲೆಯನ್ನು ಉರಿಸುತ್ತದೆ. ಆ ಸ್ಥಾವರಕ್ಕೆ ಇಟ್ಟ ಹೆಸರು ‘ನಿಸರ್ಗಋಣ’. ಇಷ್ಟು ಒಳ್ಳೆಯ ಹೆಸರನ್ನು ಸರಕಾರಿ ಸಂಸ್ಥೆಯೊಂದು ಇಟ್ಟದ್ದು ನಮಗೆ ಆಶ್ಚರ್ಯವನ್ನೂ ಆನಂದವನ್ನೂ ಉಂಟುಮಾಡಿತು. ೨೦೨೨ರ ಮೇ ತಿಂಗಳಲ್ಲಿ ಹಾಜಿ ಅಲಿಯ ಬಳಿ, ಕೇಶವರಾವ್ ಖಾಡ್ಯೆ ಮಾರ್ಗದಲ್ಲಿ, ಹೋಟೆಲು ಮೊದಲಾದವುಗಳ ಆಹಾರದ ಕಸದಿಂದ ವಿದ್ಯುತ್ತನ್ನು ತೆಗೆದು ವಾಹನಗಳ ಬ್ಯಾಟರಿಗೆ ತುಂಬುವ ಕೇಂದ್ರವೊಂದು ಆರಂಭವಾಯಿತು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸದೆ ಜೈವಿಕ ಡೀಸೆಲಿಗೆ ಒಪ್ಪಿಸುವ ಏರ್ಪಾಡನ್ನು ೨೦೧೮ರಲ್ಲಿ ಕೇಂದ್ರದ ಆಹಾರ ಸುರಕ್ಷಾ ಪ್ರಾಧಿಕಾರವು ಮಾಡಿತು. ಮಾರ್ಗಗಳಿಗೆ ಕೊರತೆಯಿಲ್ಲ. ಆದರೆ ಒಂದು ಪ್ಲಾಸ್ಟಿಕ್ ಚಮಚವು ಹಸಿ ಕಸದೊಳಗೆ ಉಳಿದುಕೊಂಡರೆ ಸಾಕು, ಅರೆಯುವ ಯಂತ್ರವು ನಿಂತುಹೋಗುತ್ತದೆ. ಆ ಚಮಚವನ್ನು ಹೆಕ್ಕಿ ತೆಗೆಯುವವರು ಯಾರು?

ನಮ್ಮ ಮಟ್ಟಿಗೆ ಇಡೀ ವಿಷಯವು ಈ ಪ್ರಶ್ನೆಯ ಮೇಲೆ ನಿಂತಿದೆ. ಇಂದು ಹೆಕ್ಕುವವರು ಬಹುಮಟ್ಟಿಗೆ ಬಡ ಹೆಂಗಸರು. ಬರಿಗೈಯಿಂದ, ಕೊಳೆತ ಅನ್ನದ ನಡುವೆ, ಒಡೆದ ಗಾಜಿಗೆ ಬೆರಳು ಕೊಯ್ಯಿಸಿಕೊಂಡು ಹೆಕ್ಕುತ್ತಾರೆ. ಅವರಿಗೆ ದೊರೆಯುವುದು ಭಂಗಾರ್‌ವಾಲನು ತೂಗಿ ಕೊಟ್ಟಷ್ಟು ಮಾತ್ರ. ನಗರವನ್ನು ಶುಚಿಗೊಳಿಸಿದ ಸಂಬಳವೆಂದು ಯಾರೂ ಒಂದು ಕಾಸನ್ನೂ ಕೊಡುವುದಿಲ್ಲ. ೧೯೭೫ರಲ್ಲಿ ಸ್ಥಾಪನೆಯಾದ ಸ್ತ್ರೀ ಮುಕ್ತಿ ಸಂಘಟನಾ ಎಂಬ ಮುಂಬಯಿಯ ಸಂಸ್ಥೆಯು ಕಸ ಹೆಕ್ಕುವ ಹೆಂಗಸರನ್ನು ಒಗ್ಗೂಡಿಸಿ, ಅವರಿಗೆ ಗೊಬ್ಬರ ಮಾಡುವ, ಅನಿಲ ಸ್ಥಾವರಗಳನ್ನು ನಡೆಸುವ ತರಬೇತಿಯನ್ನು ಕೊಟ್ಟಿದೆ. ನಿನ್ನೆ ಬೆಟ್ಟದ ಮೇಲೆ ಚಿಂದಿ ಆಯುತ್ತಿದ್ದವಳು ಇಂದು ಸ್ಥಾವರದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬಲ್ಲಳು. ಹಸಿರು ಉದ್ಯಮದಲ್ಲಿ ಹೊಸತೇನಾದರೂ ಇದ್ದರೆ ಅದು ಇಲ್ಲಿದೆಯೆಂದು ನಮ್ಮ ಎಣಿಕೆ. ಅದು ಯಂತ್ರದ ಹೊಸತನವಲ್ಲ. ಯಾವ ಕೆಲಸವನ್ನು ಎಲ್ಲರೂ ಪುಕ್ಕಟೆ ಮಾಡಿಸಿಕೊಳ್ಳುತ್ತಿದ್ದರೋ ಅದಕ್ಕೆ ಕೂಲಿ ಕೊಡುವ ಹೊಸತನ.

ಹೋಟೆಲಿನ ಧಣಿಗಳು ಇದಕ್ಕೆ ಏನನ್ನುವರೆಂಬುದನ್ನು ನಾವು ಊಹಿಸಬಲ್ಲೆವು. ಒಲೆ ಇಡಲೇ ಜಾಗವಿಲ್ಲದಲ್ಲಿ ಎರಡು ಡ್ರಮ್ಮುಗಳನ್ನು ಎಲ್ಲಿಡಲಿ? ಬಾಡಿಗೆ, ಅನಿಲದ ಸಿಲಿಂಡರು, ಕೆಲಸದವರ ಸಂಬಳ — ಒಂದಾದರೂ ಇಳಿದದ್ದುಂಟೆ? ಈ ಮಾತನ್ನು ಅಪ್ರಾಮಾಣಿಕವೆಂದು ತಳ್ಳಿಹಾಕಲಾಗದು. ದಿನಕ್ಕೆ ೧೦೦ ಕಿಲೋಗ್ರಾಮಿಗೆ ಮಿಕ್ಕಿ ಕಸ ಮಾಡುವವರು ಹಸಿ ಕಸವನ್ನು ತಮ್ಮ ಆವರಣದಲ್ಲಿಯೇ ವಿಲೇವಾರಿ ಮಾಡಬೇಕೆಂದು ಪಾಲಿಕೆಯು ೨೦೧೭ರ ಅಕ್ಟೋಬರಿನಲ್ಲಿ ಕಡ್ಡಾಯ ಮಾಡಿತು. ಹತ್ತು ಮೇಜಿನ ಸಣ್ಣ ಹೋಟೆಲಿಗೆ ಆ ಕಟ್ಟು ಅನ್ವಯಿಸುವುದಿಲ್ಲ, ಅನ್ವಯಿಸಿದರೆ ಅದು ಉಳಿಯುವುದೂ ಇಲ್ಲ. ಆದರೆ ಒಂದೇ ಬೀದಿಯ ಆರೇಳು ಹೋಟೆಲುಗಳು ಕೂಡಿ ಒಂದು ಸ್ಥಾವರವನ್ನೇಕೆ ನಡೆಸಬಾರದು? ಜಾಗವನ್ನು ಪಾಲಿಕೆಯು ಒದಗಿಸಲಿ. ಕೂಡಿ ಮಾಡುವುದು ನಮ್ಮವರಿಗೆ ಹೊಸ ಪಾಠವಲ್ಲ. ರಾತ್ರಿಶಾಲೆಗಳನ್ನೂ ಸಂಘಗಳನ್ನೂ ವಿದ್ಯಾರ್ಥಿವೇತನದ ನಿಧಿಗಳನ್ನೂ ಅವರು ಕಟ್ಟಿದ್ದು ಒಬ್ಬೊಬ್ಬರೇ ನಿಂತಲ್ಲ. ಇದರಿಂದ ಇಡ್ಲಿಯ ಬೆಲೆಯು ಒಂದೆರಡು ರೂಪಾಯಿ ಏರಬಹುದು. ಏರಲಿ ಎಂದು ನಾವು ಹೇಳುತ್ತೇವೆ. ಆ ಎರಡು ರೂಪಾಯಿಯನ್ನು ಇಷ್ಟರವರೆಗೆ ಗೋವಂಡಿಯವರು ತೆರುತ್ತಿದ್ದರು.

ಇನ್ನು ನಮ್ಮ ಸ್ವಂತ ಹಿಂಬಾಗಿಲಿನ ಮಾತು. ಕಳೆದ ವರ್ಷ ಶಾಲೆಯ ವಾರ್ಷಿಕೋತ್ಸವದಂದು ‘ಪರಿಸರ ಸಂರಕ್ಷಣೆ’ ಎಂಬ ವಿಷಯದ ಮೇಲೆ ಭಾಷಣ ಸ್ಪರ್ಧೆಯನ್ನು ಏರ್ಪಡಿಸಿ ಬಹುಮಾನಗಳನ್ನು ಹಂಚಿದೆವು. ಭಾಷಣಗಳು ಚೆನ್ನಾಗಿದ್ದವು. ನಾಟಕ ಮುಗಿದ ಮೇಲೆ ಎಲ್ಲರಿಗೂ ಉಪ್ಪಿಟ್ಟು, ಶೀರಾ ಕೊಡಲಾಯಿತು — ಬೆಳ್ಳಿಯ ಬಣ್ಣ ಬಳಿದ ಕಾಗದದ ತಟ್ಟೆಗಳಲ್ಲಿ. ಮರುದಿನ ಬೆಳಗ್ಗೆ ಗೇಟಿನ ಬಳಿ ಸೊಂಟದೆತ್ತರದ ರಾಶಿ ಬಿದ್ದಿತ್ತು. ಒಬ್ಬ ಮುದುಕಿ ಅದರ ಮುಂದೆ ಕುಳಿತು, ನೀರಿನ ಬಾಟಲಿಗಳನ್ನು ಒಂದೊಂದಾಗಿ ಎಳೆದು, ಅಂಟಿದ ಶೀರಾವನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ನಾವು ಆಕೆಯ ಪಕ್ಕದಿಂದಲೇ ಒಳಗೆ ಹೋದೆವು.

ಈ ಸಲ ಗೇಟಿನ ಬಳಿ ಎರಡು ಡ್ರಮ್ಮುಗಳಿರುತ್ತವೆ. ಸ್ಟೀಲಿನ ತಟ್ಟೆಗಳನ್ನು ಎರವಲು ಕೊಡಲು ವಿದ್ಯಾರ್ಥಿಯೊಬ್ಬನ ತಂದೆಯವರು ತಮ್ಮ ಹೋಟೆಲಿನಿಂದ ಒಪ್ಪಿದ್ದಾರೆ. ಅವರದು ಒಂದೇ ಷರತ್ತು: ಮರುದಿನ ಬೆಳಗಿನ ಇಡ್ಲಿಯ ಮೊದಲ ಒಬ್ಬೆ ಇಳಿಯುವುದರೊಳಗೆ ತಟ್ಟೆಗಳು ತೊಳೆದು, ಒರೆಸಿ, ಎಣಿಸಿ ಹಿಂದಕ್ಕೆ ಬಂದಿರಬೇಕು. ಬಡಿಸುವವರ ಪಟ್ಟಿಯು ಒಂದೇ ದಿನದಲ್ಲಿ ತುಂಬಿಹೋಯಿತು. ತೊಳೆಯುವವರ ಪಟ್ಟಿಯಲ್ಲಿ ಇನ್ನೂ ಬಹಳ ಜಾಗವಿದೆ. ಅದು ನೋಟೀಸು ಫಲಕದ ಎಡಗಡೆ ತೂಗುತ್ತಿದೆ.